ಇಸ್ಪೀಟು ಸವಾರಿಯೂ ಸ್ಪರ್ಧೆಯಂತೆ

ಡಬ್ಬೋ, ನವೆಂಬರ್ ೧೮, ಮಂಗಳವಾರ

ಇನ್ನೂ ನಂಬಲಾಗುತ್ತಿಲ್ಲ. ತಂಗಿ ಗ್ಲೆನಿಸ್‌ಳ ಮೋಟಾರ್‌ಸೈಕಲ್ಲಿಗೆ ವಿಮಾ ಕಂಪನಿ ಒಂದು ಡಾಲರನ್ನೂ ಕೊಡುವುದಿಲ್ಲವಂತೆ. ಕಾಂಗರೂ ಅಡ್ಡ ಬಂದು ಗಾಡಿ ನುಚ್ಚುನೂರಾಯಿತು, ಅವಳ ಭುಜದ ಮೂಳೆ ಮುರಿಯಿತು. ಅವಳಿಗೆ ಬೇರೆ ಗಾಡಿಯಿಲ್ಲ. ಕಡ್ಡಾಯ ವಿಮೆ ಜನರ ಗಾಯಕ್ಕೆ ಮಾತ್ರ, ಗಾಡಿಗೂ ಆಗುವ ಸಮಗ್ರ ವಿಮೆ ತಗೋ ಎಂದು ಹಟ ಹಿಡಿದವನು ನಾನೇ.

ಇವತ್ತು ಕಂಪನಿಯ ಹುಡುಗಿ ಗ್ಲೆನಿಸ್‌ಗೆ ಫೋನ್ ಮಾಡಿ ಕೇಳಿದಳು, ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು: "ಆವತ್ತು ಎಲ್ಲಿಗೆ ಹೊರಟಿದ್ರಿ ಮೇಡಂ?"

"ಅಗ್ನಿಶಾಮಕ ದಳಕ್ಕೆ ಚಂದಾ ಎತ್ತೋ ಸವಾರಿ ಕಣಮ್ಮ. ಐದು ಪಬ್ಬು, ಒಂದೊಂದ್ರಲ್ಲೂ ಒಂದೊಂದು ಇಸ್ಪೀಟೆಲೆ ಕೊಡ್ತಾರೆ. ಒಳ್ಳೆ ಎಲೆ ಬಿದ್ದವರು ಗೆದ್ದಂಗೆ."

"ಗೆದ್ದವರಿಗೆ ಬಹುಮಾನ?"

"ಒಂದು ತಟ್ಟೆ ಸಾಸೇಜು!" ಗ್ಲೆನಿಸ್ ನಕ್ಕಳು.

ಹುಡುಗಿ ನಗಲಿಲ್ಲ. "ಹಾಗಾದ್ರೆ ಅದು ಸ್ಪರ್ಧೆ ಮೇಡಂ. ಸ್ಪರ್ಧೆಗೆ ವಿಮೆ ಇಲ್ಲ."

ಸ್ಪರ್ಧೆ! ಗ್ಲೆನಿಸ್ ಎಲ್ಲರಿಗಿಂತ ಹಿಂದೆ, ಗಂಟೆಗೆ ಅರವತ್ತರಲ್ಲಿ ಹೋಗುತ್ತಿದ್ದಳು. ೧೯೯೭ರಲ್ಲಿ ಇದೇ ಸವಾರಿಗೆ ಇದೇ ಕಂಪನಿ ತನ್ನ ಹೆಸರಿನ ಬಾವುಟ ಕಟ್ಟಿತ್ತು. ಸಾಸೇಜಿನ ತಟ್ಟೆಯನ್ನೂ ಅದೇ ಕೊಟ್ಟಿತ್ತು. ನನಗೆ ಚೆನ್ನಾಗಿ ನೆನಪಿದೆ.

ಸಿಟ್ಟಿನಲ್ಲಿ ಪಾಲಿಸಿ ತೆಗೆದೆ. ನಲವತ್ತಾರು ಪುಟವನ್ನೂ ಕೊಳ್ಳುವ ಮೊದಲೇ ಓದಿದ್ದೆನೆಂಬ ಜಂಬ ನನ್ನದು. ಮೂವತ್ತೊಂದನೇ ಪುಟದಲ್ಲಿ, ವಿಮೆ ಸಿಗದ ಸಂದರ್ಭಗಳ ಪಟ್ಟಿಯಲ್ಲಿ, ಆ ಸಾಲು ಇದೆ: 'ಯಾವುದೇ ಬಗೆಯ ಸ್ಪರ್ಧೆ.' ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ನನ್ನದೇ ಅಕ್ಷರ: 'ಇದು ರೇಸಿನವರಿಗೆ, ನಮಗಲ್ಲ.'

ಗ್ಲೆನಿಸ್‌ಗೆ ತೋರಿಸಿದೆ.

"ಓದಿದ್ದು ನೀನು, ಬಿದ್ದಿದ್ದು ನಾನು" ಎಂದಳು. ಪಾಲಿಸಿಯನ್ನು ನನ್ನ ಕೈಗೆ ವಾಪಸು ಕೊಡುತ್ತಾ, "ಮೂಳೆ ಕೂಡಿದ ಮೇಲೆ ಕೆಲಸಕ್ಕೆ ಹೆಂಗೆ ಹೋಗ್ಲಿ ಅಣ್ಣ?"

"ದಿನಾ ನಾನೇ ಬಿಟ್ಟು ಬರ್ತೀನಿ" ಎಂದು ಹೇಳಿ, ಆ ಪುಟದಲ್ಲಿ 'ನಮಗಲ್ಲ' ಎಂಬುದನ್ನು ಹೊಡೆದು 'ನಮಗೂ' ಎಂದು ಬರೆದೆ.