ಠುಸ್ ಪದಕ್ಕೊಂದು ಅರ್ಥ

ಬುಧವಾರ, ಹದಿನೇಳು.

'ಠುಸ್' ಪದದ ಚೀಟಿ ಒಂಬತ್ತು ದಿನದಿಂದ ನನ್ನ ಮೇಜು ಬಿಟ್ಟು ಕದಲಿಲ್ಲ. 'ವಿಫಲವಾಗುವುದು' ಎಂದು ಅರ್ಥ ಬರೆದಿದ್ದೆ. ನಿಘಂಟಿನ ಸಂಪಾದಕರು ಹೊಡೆದುಹಾಕಿದರು. "ಸೋತದ್ದೆಲ್ಲ ಠುಸ್ ಆಗಲ್ಲ ಕಣ್ರೀ." ಉದಾಹರಣೆಯನ್ನೂ ನಾವೇ ಕಟ್ಟುವಂತಿಲ್ಲ, ಯಾರಾದರೂ ಆಡಿದ್ದನ್ನು ಕಿವಿಯಾರೆ ಕೇಳಿಯೇ ನಿಘಂಟಿಗೆ ಹಾಕಬೇಕು. ಅದು ಅವರ ಹಠ.

ಇವತ್ತು ಮೂರು ತಿಂಗಳ ರಿಪೇರಿ ಮುಗಿದು ಕಚೇರಿಯ ಲಿಫ್ಟ್ ಶುರುವಾಯಿತು. ಮಂಡಿನೋವಿನ ಸಂಪಾದಕರಿಗೇ ಮೊದಲ ಮರ್ಯಾದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಲಿಫ್ಟ್ ಒಂದು ಗೇಣು ಮೇಲೇರಿ, ನಿಟ್ಟುಸಿರು ಬಿಟ್ಟು ನಿಂತಿತು. ಕಸ ಗುಡಿಸುವ ಅಕ್ಕ ಪೊರಕೆ ಊರಿ ನಿಂತು, "ಮೂರು ತಿಂಗಳು ಕುಟ್ಟಿದ್ದೇ ಕುಟ್ಟಿದ್ದು, ಕೊನೆಗೆ ನೋಡಿದ್ರೆ ಠುಸ್" ಎಂದಳು.

ಜಾಲರಿ ಬಾಗಿಲಿನ ಒಳಗಿಂದ ಸಂಪಾದಕರ ದನಿ: "ಬರ್ಕೊಂಡ್ರಾ?"

ಚೀಟಿಯಲ್ಲೇ ಬರೆದುಕೊಂಡು ಜೇಬಿಗೆ ಹಾಕಿಕೊಂಡೆ. ಅರ್ಥ ಮಾತ್ರ ಆಗಲೂ ಹೊಳೆಯಲಿಲ್ಲ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ತುತ್ತನ್ನು ಕೈಯಲ್ಲೇ ಹಿಡಿದು, ಕಣ್ಣರಳಿಸಿ, "ಆಮೇಲೆ?" ಎಂದಳು.

"ಆಮೇಲೇನು, ಸ್ಟೂಲ್ ಹಾಕಿ ಇಳಿಸಿದ್ವಿ."

"ಅಷ್ಟೇನಾ?"

ಸಪ್ಪಗಾದ ಅವಳ ಮುಖ ನೋಡಿದ್ದೇ ತಡ, ಒಂಬತ್ತು ದಿನದಿಂದ ಹುಡುಕುತ್ತಿದ್ದ ಅರ್ಥ ಥಟ್ಟನೆ ಹೊಳೆಯಿತು. ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಎಡಗೈಯಲ್ಲೇ ಚೀಟಿಯ ಮೇಲೆ ಗೀಚಿಟ್ಟೆ. ಈಗ ಅದನ್ನು ಇಲ್ಲಿ ಚೆಂದವಾಗಿ ಇಳಿಸೋಣವೆಂದು ತೆಗೆದರೆ, ನನ್ನ ಬರಹ ನನಗೇ ಓದಲಾಗುತ್ತಿಲ್ಲ. ಆಗ ಹೊಳೆದ ಮಾತೂ ಮರೆತುಹೋಗಿದೆ. ಅವಳಿಗೆ ತೋರಿಸಿದೆ. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ದೀಪ ಆರಿಸೋಣವೆಂದರೆ ಅವಳ ನಗು ಇನ್ನೂ ನಿಂತಿಲ್ಲ.