ಕೂಡಲಗುಂದಿಯ ಮೂರು ಅಡಿಗಲ್ಲುಗಳು

ಇಸವಿ ಎರಡು ಸಾವಿರದ ಮುನ್ನೂರ ಹದಿನಾಲ್ಕು,
ಮಿಕ್ಕತಿಂಗಳು, ಮೂರನೆಯ ದಿನ
ವರದಾ ದಂಡೆಯ ಒಪ್ಪುಸಭೆ

ಸನ್ಮಾನ್ಯ ಮತದಾರರ ಘನ ಉಪಸ್ಥಿತಿಗೆ,

ಹಿಂದಣ ಪೀಠದ ಸದಸ್ಯೆ ಹಾಲವ್ವ ಕಡೇಮನಿ ಮಾಡುವ ನಮಸ್ಕಾರಗಳು. ಮಿಕ್ಕತಿಂಗಳು ಎಂಬುದು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಕೇಳಿದ್ದೇನೆ. ಹನ್ನೆರಡು ತಿಂಗಳಿಗೂ ಸಮನಾಗಿ ದಿನ ಹಂಚಿದ ಮೇಲೆ ಯುಗಾದಿಗೆ ಮುಂಚೆ ಐದಾರು ದಿನ ಮಿಗುತ್ತವೆ. ಆ ದಿನಗಳಲ್ಲಿ ನಾವು ಹೊಸ ಕೆಲಸ ಹಿಡಿಯುವುದಿಲ್ಲ, ಆದ ಕೆಲಸದ ವರದಿ ಒಪ್ಪಿಸುತ್ತೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕಾಗದವನ್ನು ಗೆದ್ದಲು ತಿಂದಿತು, ಯಂತ್ರಗಳ ನೆನಪು ಅಳಿಸಿಹೋಯಿತು, ಉಳಿದದ್ದು ಕಲ್ಲು ಮಾತ್ರ. ನಿಮ್ಮ ಕನ್ನಡವನ್ನು ನಾನು ಕಲಿತದ್ದೆಲ್ಲ ನೀವು ನೆಟ್ಟುಹೋದ ಅಡಿಗಲ್ಲುಗಳಿಂದ. ಎಲ್ಲಿ ಸನ್ಮಾನ್ಯ ಎನ್ನಬೇಕು, ಎಲ್ಲಿ ಘನ ಎನ್ನಬೇಕು ಎಂಬ ಹದ ಇನ್ನೂ ಸಿಕ್ಕಿಲ್ಲ. ಆದ್ದರಿಂದ ಎಲ್ಲರಿಗೂ ಎರಡನ್ನೂ ಹಾಕಿಬಿಡುತ್ತೇನೆ.

ನೀವು ನನ್ನ ಮತದಾರರು ಹೇಗಾದಿರಿ ಎಂದು ಮೊದಲು ಹೇಳಬೇಕು. ನಿಮ್ಮ ವಿಧಾನಸಭೆಯಂಥ ನಮ್ಮ ಒಪ್ಪುಸಭೆಗೆ ಮೂರು ಪೀಠಗಳು. ಒಂದು ಬದುಕಿರುವವರದು, ಒಂದು ಇನ್ನು ಹುಟ್ಟಬೇಕಾದವರದು, ಒಂದು ಬಾಳಿ ಹೋದವರದು, ಅದೇ ಹಿಂದಣ ಪೀಠ. ಯಾರು ಯಾವ ಪೀಠಕ್ಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಬದುಕಿರುವವರ ಪೀಠಕ್ಕೆ ಹೋದವರು ದಿನಾ ಬೈಸಿಕೊಳ್ಳುತ್ತಾರೆ. ಹುಟ್ಟಬೇಕಾದವರ ಪೀಠದವರು ಆಡಿದ್ದೇ ಆಟ, ಏಕೆಂದರೆ ಅವರ ಮತದಾರರು ಬಂದು ಇದು ಸುಳ್ಳು ಎನ್ನುವ ಹೊತ್ತಿಗೆ ಇವರು ಇರುವುದಿಲ್ಲ. ನನ್ನ ಕೈಗೆ ಬಂದದ್ದು ನಿಮ್ಮ ಚೀಟಿ. ಅದಕ್ಕೂ ಮೊದಲು ನಾನು ಸಾಲುಮನೆಯಲ್ಲಿ, ಎಂದರೆ ಒಂದು ಕೇರಿಗೆಲ್ಲ ಒಂದೇ ಒಲೆ ಹೊತ್ತಿಸುವ ಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದೆ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅಲ್ಲಿ ಮೊದಲ ತುತ್ತಿಗೇ ಸುದ್ದಿ ಬರುತ್ತಿತ್ತು. ನೀವು ಮಾತ್ರ ಇಡೀ ವರ್ಷ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಈ ವರದಿಯನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಕೊಟ್ಟದ್ದನ್ನು ಒಯ್ಯುತ್ತದೆ, ಉತ್ತರ ತರುವುದಿಲ್ಲ. ಹೇಗೆ ಹೋಗುತ್ತದೆಂದು ಕೇಳಬೇಡಿ, ಅಂಚೆಯವರಿಗೂ ಸರಿಯಾಗಿ ತಿಳಿದಂತಿಲ್ಲ.

ನಿಮ್ಮ ಪೀಠಕ್ಕೆ ಇರುವ ಕೆಲಸ ಬರಿಗಲ್ಲುಗಳನ್ನು ತೀರಿಸುವುದು. ಬರಿಗಲ್ಲು ಎಂದರೆ ಹಿಂದೆ ಏನನ್ನೂ ಕಟ್ಟದೆ ಉಳಿದ ಅಡಿಗಲ್ಲು. ಹೊಲದ ಬದುವಿನಲ್ಲಿ, ಹಳ್ಳದಲ್ಲಿ, ಜಾಲಿಯ ಪೊದೆಯೊಳಗೆ, ನಮ್ಮ ಕಡೆ ಎಲ್ಲೆಂದರಲ್ಲಿ ಸಿಗುತ್ತವೆ. ನುಣುಪು ಕಲ್ಲು, ಚೆಂದದ ಅಕ್ಷರ. ಮೇಲೆ ಏಳೆಂಟು ಹೆಸರು, ಕೆಳಗೆ ಒಂದೇ ಸಾಲಿನಲ್ಲಿ ಕೆಲಸ. ನಮ್ಮಲ್ಲಿ ಕಟ್ಟಡದ ಮೇಲೆ ಹೆಸರು ಕೆತ್ತುವುದು ಅದಕ್ಕೆ ಮಣ್ಣು ಹೊತ್ತವರದು ಮಾತ್ರ. ಹಾಗಾಗಿ ಆ ಹೆಸರುಗಳೂ ಗೌಂಡಿಗಳದು, ಕೂಲಿಗಳದು ಎಂದು ನಮ್ಮ ಹಿರಿಯರು ತಿಳಿದರು. ಊರೆಲ್ಲ ನೋಡುತ್ತಿರುವಾಗ ಮೊದಲ ಕಲ್ಲು ಇಟ್ಟವರು ಎರಡನೆಯದನ್ನು ಇಡಲಿಲ್ಲವೆಂದರೆ, ಪಾಪ, ನಡುವೆ ಸತ್ತೇಹೋಗಿರಬೇಕು. ರೋಗವೋ, ಯುದ್ಧವೋ, ಸಿಡಿಲೋ. ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ. ಅಮೃತ ಹಸ್ತದಿಂದ ಎಂದು ಕೆತ್ತಿಸಿಕೊಂಡವರೇ ಉಳಿಯಲಿಲ್ಲವಲ್ಲ ಎಂದು ನನ್ನ ಅಜ್ಜಿ ಮರುಗುತ್ತಿದ್ದಳು. ಹೀಗೆ ಕೆಲಸ ಕೈಯಲ್ಲಿರುವಾಗಲೇ ಸತ್ತವರ ಋಣ ತೀರಿಸಲು ಕಾನೂನಾಯಿತು. ಸುಗ್ಗಿ ಮುಗಿದ ಮೇಲೆ ಮನೆಗೊಬ್ಬರು ಕೈಸರದಿಗೆ ಬರಬೇಕು, ಅಂದರೆ ಊರ ಕೆಲಸಕ್ಕೆ ತಮ್ಮ ಪಾಳಿ ದುಡಿಯಬೇಕು. ಬರಿಗಲ್ಲುಗಳಲ್ಲಿ ಎಲ್ಲಕ್ಕಿಂತ ಹಳೆಯದರ ಕೆಲಸ ಮೊದಲು ಆಗಬೇಕು. ವರ್ಷಕ್ಕೊಮ್ಮೆ ಪ್ರತಿ ಕಲ್ಲಿನ ಮುಂದೆ ಕಲ್ಲೂಟವೂ ಉಂಟು. ಹೋಳಿಗೆಯ ಎಡೆಯಿಟ್ಟು, ಕಲ್ಲಿನ ಹೆಸರುಗಳನ್ನು ಒಂದೊಂದಾಗಿ ಓದಿ, ಆಮೇಲೆ ಉಣ್ಣುತ್ತೇವೆ. ಓದುವಾಗ ಅಳುವವರೂ ಇದ್ದಾರೆ.

ಈ ವರ್ಷ ನಿಮ್ಮ ಹೆಸರಿನಲ್ಲಿ ಆದದ್ದು ಇಷ್ಟು. ಗುಡ್ಡದ ಕೆಳಗಿನ ಕ್ರಾಸಿನಲ್ಲಿ ಪ್ರಯಾಣಿಕರ ತಂಗುದಾಣ ಮುಗಿಯಿತು. ಪ್ರಯಾಣಿಕರು ಅಲ್ಲಿ ಯಾವುದಕ್ಕೆ ಕಾಯುತ್ತಿದ್ದರೆಂದು ಕಲ್ಲಿನ ಮೇಲೆ ಬರೆದಿರಲಿಲ್ಲ. ಮೂರು ಗೋಡೆ, ಒಂದು ಕಟ್ಟೆ, ಮೇಲೊಂದು ಮಾಡು ಹಾಕಿ ಬಿಟ್ಟೆವು. ಈಗ ಸಂಜೆಯಾದರೆ ಮುದುಕರು ಹೋಗಿ ರಸ್ತೆ ನೋಡುತ್ತ ಕೂಡುತ್ತಾರೆ. ಯಾವುದಕ್ಕೆ ಕಾಯುತ್ತಿದ್ದೀರಿ ಎಂದು ಕೇಳಿದರೆ, “ಗೊತ್ತಿಲ್ಲ ಯವ್ವಾ, ಇಲ್ಲಿ ಕುಂತ್ರ ಏನೋ ಬರೂ ಹಂಗ ಅನಸ್ತೈತಿ” ಎನ್ನುತ್ತಾರೆ. ಇನ್ನೊಂದು ಊರಲ್ಲಿ ಕೂಗಳತೆಯ ದೂರದಲ್ಲೇ ಮೂರು ಸಮುದಾಯ ಭವನಗಳ ಕಲ್ಲುಗಳಿದ್ದವು. ಸಮುದಾಯ ಎಂದರೆ ಎಲ್ಲರೂ ಎಂದು ನಾವು ಕಲಿತದ್ದು. ಎಲ್ಲರಿಗೂ ಸೇರಿ ಒಂದು ಸಾಕಾಗದೆ ಮೂರು ಯಾಕೆ ಬೇಕಾಯಿತೆಂದು ತಿಳಿಯಲಿಲ್ಲ. ನಿಮ್ಮ ಅಪ್ಪಣೆ ಎಂದು ಮೂರನ್ನೂ ಕಟ್ಟಿದೆವು. ಒಂದರಲ್ಲಿ ಮದುವೆಗಳಾಗುತ್ತಿವೆ, ಒಂದರಲ್ಲಿ ಮೇವು ಒಟ್ಟಿದ್ದಾರೆ, ಮೂರನೆಯದರಲ್ಲಿ ಕುರಿಗಳಿವೆ. ಇವನ್ನು ಸಾಧನೆ ಎನ್ನಬಹುದೋ ಇಲ್ಲವೋ ನೀವೇ ನೋಡಿಕೊಳ್ಳಿ.

ಬರುವ ವರ್ಷದ ಸರದಿ ಒಂದು ಸ್ವಾಗತ ಕಮಾನಿನದು. ಕಲ್ಲು ಇರುವಲ್ಲಿ ಈಗ ಊರಿಲ್ಲ, ಜೋಳದ ಹೊಲ. ಕಮಾನು ಎಂದರೇನೆಂದು ಪೀಠದಲ್ಲಿ ಕೇಳಿದೆ. ಕದವಿಲ್ಲದ, ಗೋಡೆಯಿಲ್ಲದ ಬಾಗಿಲು ಎಂದರು. ಅದು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಅದು ವರ್ಷದ ಕೈಸರದಿಯನ್ನೆಲ್ಲ ನುಂಗುವಷ್ಟು ದೊಡ್ಡ ಕೆಲಸ. ಅದರ ಹಿಂದೆ ಇನ್ನೂ ಉದ್ದನೆಯ ಸಾಲಿದೆ, ಆ ಸಾಲಿನ ತುದಿಯಲ್ಲೆಲ್ಲೋ ಕೂಡಲಗುಂದಿಯ ಸೇತುವೆ ಇದೆ. ಅದರ ಪಾಳಿ ಬರುವ ಹೊತ್ತಿಗೆ ನಾನೂ ನಿಮ್ಮ ಕ್ಷೇತ್ರಕ್ಕೇ ಸೇರಿಹೋಗಿರುತ್ತೇನೆ.

ಕೂಡಲಗುಂದಿಯಲ್ಲಿ ಹೊಳೆ ದಾಟಲು ಇಂದಿಗೂ ಹರಿಗೋಲೇ ಗತಿ. ಅದನ್ನು ಹಾಕುವವಳು ಫಕೀರವ್ವ. ಹೆರಿಗೆಮನೆ ಇರುವುದು ಆಚೆ ದಂಡೆಯಲ್ಲಿ. ಹೋದ ಮಳೆಗಾಲದಲ್ಲಿ ಅವಳ ಹಿರಿಮಗಳಿಗೆ ನೋವು ಕಾಣಿಸಿಕೊಂಡಾಗ ಹೊಳೆ ತುಂಬಿ ಹರಿಯುತ್ತಿತ್ತು. ನೀರು ತುಸು ಇಳಿಯುವವರೆಗೆ ಕಾದು, ತಾನೇ ಹುಟ್ಟು ಹಾಕಿ ದಾಟಿಸಿದಳು. ಮಗಳು ಉಳಿದಳು, ಕೂಸು ಉಳಿಯಲಿಲ್ಲ. ಈಗ ಕಿರಿಮಗಳು ಬಸುರಿ, ದಿನ ತುಂಬುವುದು ಮತ್ತೆ ಮಳೆಗಾಲದಲ್ಲೇ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಎಲ್ಲರ ಕೈ ಸೇರಿದರೆ ಸೇತುವೆ ಆಗದ ಕೆಲಸವೇನಲ್ಲ. ಆದರೆ ಕಲ್ಲಿರುವ ಕೆಲಸವನ್ನು ಬದುಕಿರುವವರ ಪೀಠ ಮುಟ್ಟುವಂತಿಲ್ಲ, ಅದು ನಿಮ್ಮ ಪಾಲಿನದು. ನಾನು ಬಾಳಿ ಹೋದವರ ಸದಸ್ಯೆ, ನಿನ್ನ ಮಾತು ಎತ್ತುವ ಹಕ್ಕು ನನಗಿಲ್ಲ ಎಂದು ಫಕೀರವ್ವನಿಗೆ ಹೇಳಿದೆ. “ಹಂಗಾರ ನಾ ಸತ್ತು ಬಂದು ಕೇಳ್ಲೇನ್ರಿ ಅಕ್ಕಾರ?” ಎಂದಳು.

ಹೋದ ತಿಂಗಳು ಕೂಡಲಗುಂದಿಯ ಕಲ್ಲೂಟಕ್ಕೆ ಹೋಗಿದ್ದೆ. ಎಡೆಯಾಯಿತು, ಹೆಸರು ಓದಿದ್ದಾಯಿತು. ಉಂಡು ಕೈ ತೊಳೆಯಲು ಹೊಳೆಗಿಳಿದಾಗ ಫಕೀರವ್ವ ನನ್ನನ್ನು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಕರೆದೊಯ್ದಳು. ಯಾವ ಕಾಲದಿಂದಲೋ ಬೋರಲು ಬಿದ್ದಿದ್ದ ಎರಡು ಕಲ್ಲುಗಳನ್ನು ಹೋದ ಮಳೆಗಾಲದ ನೆರೆ ಮಗುಚಿಹಾಕಿತ್ತು. ಅಡಿಯ ಮೈಯೆಲ್ಲ ಅಕ್ಷರ. ಅದೇ ಸೇತುವೆ, ಅದೇ ಜಾಗ. ದಂಡೆಯ ಮೇಲಿನದೂ ಸೇರಿ ಮೂರು ಕಲ್ಲಿನಲ್ಲೂ ಮೊದಲ ಹೆಸರು ಒಬ್ಬರದೇ. ಈಗತಾನೆ ಯಾರ ಹೆಸರು ಹೇಳಿ ಎಡೆಯಿಟ್ಟು ಬಂದಿದ್ದೆವೋ ಅವರದೇ. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಐದೈದು ವರ್ಷ.

“ಅಕ್ಕಾರ, ಈ ಮನಶ್ಯಾ ಸತ್ತಿಲ್ರಿ,” ಎಂದಳು ಫಕೀರವ್ವ. “ಐದ ವರ್ಷ ಬಿಟ್ಟು ತಿರುಗಿ ಬಂದಾನ. ಬಂದು ಮತ್ತ ಅದ ಮೊದಲನೇ ಕಲ್ಲ ಇಟ್ಟು ಹೋಗ್ಯಾನ.”

ಹೋಳಿಗೆಯ ತುಪ್ಪದ ಜಿಡ್ಡು ಇನ್ನೂ ನನ್ನ ಕೈಯಲ್ಲೇ ಇತ್ತು.

ಒಪ್ಪುಸಭೆಯಲ್ಲಿ ಇದನ್ನು ಹೇಳಿದಾಗ ಗದ್ದಲವೋ ಗದ್ದಲ. ನಮ್ಮ ಪೀಠದ ಹಿರಿಯರು ಚನ್ನವೀರಜ್ಜ, ಬುದ್ಧಿ ತಿಳಿದಾಗಿನಿಂದ ಒಂದು ಕಲ್ಲೂಟವನ್ನೂ ತಪ್ಪಿಸಿದವರಲ್ಲ. “ಯವ್ವಾ, ಆ ಸೇತುವಿ ಸಲುವಾಗಿ ಪುಣ್ಯಾತ್ಮ ಮೂರು ಸಲ ಹುಟ್ಟಿ ಬಂದಾನ” ಎಂದು ಕಣ್ಣೊರೆಸಿಕೊಂಡರು. ಐದು ವರ್ಷದೊಳಗೆ ಹುಟ್ಟಿ ಬೆಳೆದು ಕಲ್ಲು ಎತ್ತುವಷ್ಟಾದರೇ ಅಜ್ಜ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಒಂದೇ ಹೆಸರಿನ ಮೂವರು ಇದ್ದಿರಬೇಕೆಂದು ಒಬ್ಬರು. ಹಿಂದಿನ ಕಲ್ಲನ್ನು ಯಾರೋ ಕದ್ದಿರಬೇಕೆಂದು ಇನ್ನೊಬ್ಬರು. ಕಲ್ಲು ಇಡುವುದನ್ನೇ ಅವರು ಕೆಲಸವೆಂದು ಲೆಕ್ಕ ಹಿಡಿಯುತ್ತಿದ್ದಿರಬಹುದು ಎಂದು ಹೊಸ ಸದಸ್ಯರೊಬ್ಬರು ಹೇಳಿದಾಗ ಸಭೆಯೆಲ್ಲ ನಕ್ಕಿತು. ಎಂಥ ಜನವಾದರೂ ಹಾಗೆ ಮಾಡುವುದುಂಟೇ ಎಂದು ನಾನೂ ನಕ್ಕೆ. ಹುಟ್ಟಬೇಕಾದವರ ಪೀಠದವರು, ಮುಂದಿನವರಿಗೆ ಇದು ಅರ್ಥವಾಗುತ್ತದೆ ಎಂದು ಹೇಳಿ ಕುಳಿತರು. ನಾನು ಕೇಳಿದ್ದು ಒಂದೇ. ಕಲ್ಲಿಟ್ಟವರು ಸತ್ತಿಲ್ಲವಾದರೆ ಹಳೆಯದು ಮೊದಲು ಎಂಬ ಕಾನೂನಿಗೆ ಆಧಾರವೇನು ಉಳಿಯಿತು? ಕಮಾನು ಕಾಯಲಿ, ಸೇತುವೆ ಮೊದಲಾಗಲಿ. ಕೈ ಎತ್ತಿಸಿದರು. ಆ ಕಡೆ ಈ ಕಡೆ ಸಮಸಮ ಬಂತು. ಉಳಿದದ್ದು ನನ್ನ ಕೈ. ಆದರೆ ತನ್ನ ಪೀಠದ ಕಾನೂನನ್ನು ಬದಲಿಸುವ ಸದಸ್ಯೆ ಮೊದಲು ಮತದಾರರನ್ನು ಕೇಳಬೇಕೆಂಬ ನಿಯಮವಿದೆ. ಕೇಳಿಕೊಂಡು ಬಾ, ಯುಗಾದಿಯ ಮರುದಿನದ ಸಭೆಯಲ್ಲಿ ಕೈ ಎತ್ತು ಎಂದರು. ಅದಕ್ಕೇ ಈ ವರದಿ ಇಷ್ಟುದ್ದವಾಯಿತು.

ಅಂದಿನಿಂದ ಕಲ್ಲುಗಳನ್ನೆಲ್ಲ ಮತ್ತೆ ಓದುತ್ತಿದ್ದೇನೆ, ಓದಿದಷ್ಟೂ ತಲೆ ಕೆಡುತ್ತಿದೆ. ಹೆಚ್ಚಿನವು ನಿಮ್ಮ ಮತದಾನಕ್ಕೆ ಸ್ವಲ್ಪ ಮುಂಚಿನ ತಿಂಗಳುಗಳಲ್ಲಿ ಇಟ್ಟಂಥವು. ಆ ತಿಂಗಳುಗಳಲ್ಲಿ ಮಣ್ಣು ಹದವಾಗಿರುತ್ತಿತ್ತೋ ಏನೋ. ಹೆಸರಿನ ಮುಂದೆ ಅಷ್ಟು ಸನ್ಮಾನವಿದೆ, ಸೇತುವೆಯ ಮೇಲೆ ಯಾರು ನಡೆಯಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ. ಇನ್ನು ಕೂಡಲಗುಂದಿಯ ಮೂರೂ ಕಲ್ಲುಗಳ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಸಾರ್ವಜನಿಕರ ಸಮ್ಮುಖದಲ್ಲಿ. ಅಂದರೆ ನೀವು ಅಲ್ಲಿದ್ದಿರಿ. ಮೊದಲನೆಯದಕ್ಕೂ ಇದ್ದಿರಿ, ಎರಡನೆಯದಕ್ಕೂ ಇದ್ದಿರಿ. ಮಾರನೆಯ ದಿನ ಅದೇ ದಾರಿಯಲ್ಲಿ ಹೋಗಿ ಅದೇ ಹರಿಗೋಲು ಹತ್ತಿದಿರಿ. ಅದನ್ನು ಓದಿದಾಗ ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಸದಸ್ಯೆಯಾದವಳು ಮತದಾರರ ಮೇಲೆ ಸಿಟ್ಟಾಗಬಾರದು, ಬಂತು, ಏನು ಮಾಡಲಿ? ಆಮೇಲೆ ಅಳುವೂ ಬಂತು. ನಿಮಗೆ ಏನು ಬೇಕಿತ್ತು ಎಂದು ತಿಳಿಯಲು ಒಂದು ವರ್ಷ ಒದ್ದಾಡಿದ್ದೇನೆ. ನಿಮಗೂ ಸೇತುವೆಯೇ ಬೇಕಿತ್ತಲ್ಲವೇ? ಅಥವಾ ನಾನು ಇದನ್ನೂ ತಪ್ಪು ತಿಳಿದಿದ್ದೇನೋ?

ಕಮಾನೇ ಬೇಕು ಎನ್ನುವವರು ಯಾರಾದರೂ ಇದ್ದರೆ ಯುಗಾದಿಯೊಳಗೆ ಹೇಗಾದರೂ ಮಾಡಿ ತಿಳಿಸಿ. ನೀವು ಸುಮ್ಮನಿದ್ದರೆ ನಾನು ಸೇತುವೆಗೆ ಕೈ ಎತ್ತುತ್ತೇನೆ. ಚನ್ನವೀರಜ್ಜ ನನ್ನ ಜೊತೆ ಮಾತು ಬಿಡಬಹುದು, ಬಿಡಲಿ. ಬೇಸಿಗೆ ಸಣ್ಣದು, ಮಳೆ ಯಾರ ಮಾತೂ ಕೇಳುವುದಿಲ್ಲ. ಕೈ ಎತ್ತಿದ ಮೇಲೂ ಕಿರಿಮಗಳ ದಿನ ತುಂಬುವುದರೊಳಗೆ ಕೆಲಸ ಮುಗಿಯುವುದೋ ಇಲ್ಲವೋ ನನಗೆ ಗೊತ್ತಿಲ್ಲ. ಫಕೀರವ್ವ ಈಗಾಗಲೇ ಹರಿಗೋಲಿಗೆ ಹೊಸ ಚರ್ಮ ಹೊದಿಸುತ್ತಿದ್ದಾಳೆ.

ಇನ್ನೊಂದು ಕೋರಿಕೆ ಇದೆ. ಮೂರನೆಯ ಕಲ್ಲಿನ ಮೇಲಿರುವ ದಿನ ನಿಮಗೆ ಇನ್ನೂ ಬಂದಿಲ್ಲ. ಈ ಪತ್ರ ಅದಕ್ಕಿಂತ ತುಸು ಮುಂಚೆ ನಿಮ್ಮ ಕೈ ಸೇರುತ್ತದೆ ಎಂದು ಹಿಂದಂಚೆಯವರು ಹೇಳಿದ್ದಾರೆ. ಅಂದು ಹೊಳೆಯ ದಂಡೆಯಲ್ಲಿ ನೀವು ಸೇರಿರುತ್ತೀರಿ, ಸೇರಿದ್ದಿರಿ ಎಂದು ಕಲ್ಲೇ ಹೇಳುತ್ತದೆ. ಕಲ್ಲು ಇಟ್ಟಾದ ಮೇಲೆ, ಎಲ್ಲರೂ ಚದುರುವ ಮುಂಚೆ, ಯಾರಾದರೂ ಒಬ್ಬರು ಮುಂದೆ ಬಂದು, ಎರಡನೆಯ ಕಲ್ಲು ಯಾವತ್ತು ಇಡುತ್ತೀರಿ ಎಂದು ಕೇಳಿ. ಉತ್ತರ ಸಿಗುವವರೆಗೆ ದಾರಿ ಬಿಡಬೇಡಿ. ನೀವು ಹಾಗೆ ಕೇಳಿದ್ದರಿಂದ ಸೇತುವೆ ನಿಮ್ಮ ಕಾಲದಲ್ಲೇ ಆಗಿಬಿಟ್ಟರೆ, ಈ ಪತ್ರ ಬರೆಯುವ ಪ್ರಸಂಗವೇ ನನಗೆ ಬರುವುದಿಲ್ಲ. ಫಕೀರವ್ವನಿಗೂ ನನಗೂ ಪರಿಚಯವೇ ಇರುವುದಿಲ್ಲ. ಅವಳ ಹಿರಿಮಗಳ ಕೂಸಿಗೆ ಇಷ್ಟು ಹೊತ್ತಿಗೆ ಹಲ್ಲು ಮೂಡುತ್ತಿರುತ್ತವೆ.

ನಿಮ್ಮ ಸದಸ್ಯೆ,
ಹಾಲವ್ವ ಕಡೇಮನಿ