ಅಜ್ಜಿ ನೀರು ಹುಯ್ಯುತ್ತಿದ್ದ ಗುಂಡಿ

ಚಿಕ್ಕಣ್ಣ,

ಮಳವಳ್ಳಿ ಬಸ್ಸಿಗೆ ಹೊತ್ತಾಯಿತು, ಗಂಡನ ಮನೆಯಲ್ಲಿ ಕಾಯುತ್ತಿರುತ್ತಾರೆ. ನಿನ್ನನ್ನು ಎಬ್ಬಿಸಿದರೆ ಅತ್ತುಬಿಡುತ್ತೇನೆಂದು ಬರೆದಿಟ್ಟು ಹೋಗುತ್ತಿದ್ದೇನೆ.

ಮಂತ್ರವಾದಿಯನ್ನು ಕರೆಸಬೇಡ. "ಸತ್ರೂ ಮುದುಕಿ ಓಗಿಲ್ಲ ಕಣ್ಲಾ, ಕರೆಂಟಲ್ಲೇ ಕುಂತವ್ಳೆ" ಅಂತ ಮಾಯತ್ತೆ ಅಂದದ್ದಕ್ಕೆ ನೀನೂ ತಲೆಯಾಡಿಸಿದೆಯಲ್ಲ, ಅಜ್ಜಿಯ ತೊಡೆಯ ಮೇಲೆ ಮಲಗಿ ಕತೆ ಕೇಳಿದವನು.

ಅತ್ತಿಗೆಗೆ ಜುಮ್ಮೆಂದು ಹೊಡೆದದ್ದು ಅಜ್ಜಿಯಲ್ಲ, ಇಸ್ತ್ರಿಪೆಟ್ಟಿಗೆ. ಪ್ಲಗ್ಗಿನಿಂದ ಕಿತ್ತಿಟ್ಟಿದ್ದೇನೆ, ರಿಪೇರಿಯಾಗುವ ತನಕ ಯಾರೂ ಮುಟ್ಟಬಾರದು. ಅದರೊಳಗೆ ಸೋರುವ ಕರೆಂಟು ತಂತಿ ಹಿಡಿದು ನೆಲಕ್ಕಿಳಿಯಲೆಂದೇ ಬಾವಿಯ ಪಕ್ಕ ಉಪ್ಪು, ಇದ್ದಿಲು ತುಂಬಿದ ಅರ್ತಿನ ಗುಂಡಿ ಇರುವುದು. ಗುಂಡಿ ಒಣಗಿದರೆ ಆ ಕರೆಂಟು ಪೆಟ್ಟಿಗೆ ಮುಟ್ಟಿದವರ ಮೈಗೇ ಬರುತ್ತದೆ. ನಾವೆಲ್ಲ ಅದನ್ನು ಮರೆತರೂ ಅಜ್ಜಿ ದಿನಾ ನೀರು ಹುಯ್ದಳು. "ಬೂಮ್ತಾಯಿ ಬಾಯಾರ್ಕೊಂಡವ್ಳೆ ಕಣಮ್ಮಿ" ಅಂದರೆ ನಾವು ನಗುತ್ತಿದ್ದೆವು.

ನಿನ್ನೆ ನೋಡಿದೆ, ಗುಂಡಿ ಬಿರುಕುಬಿಟ್ಟಿದೆ. ಅಜ್ಜಿಯ ಹೆಣಕ್ಕೆ ಹುಯ್ದ ನೀರು ಅಲ್ಲಿಗೆ ಹರಿದದ್ದೇ ಕೊನೆ. ಆಮೇಲೆ ಯಾರೂ ಒಂದು ಚೊಂಬೂ ಹಾಕಿಲ್ಲ.

ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡ, ಕರೆಂಟು ಸೋರಿದರೂ ಅದು ಸುಟ್ಟುಹೋಗುವುದಿಲ್ಲ, ಎಷ್ಟು ಸಲ ಹೇಳಲಿ. ಕರೆಂಟಿನ ಮೇಸ್ತ್ರಿಗೆ ಹೇಳಿ ಅರ್ತಿನ ತಂತಿ ನೋಡಿಸು. ದಿನಾ ಗುಂಡಿಗೆ ಒಂದು ಬಿಂದಿಗೆ ನೀರು ಹುಯ್ಯಿ.

ಇವತ್ತಿನದನ್ನು ನಾನೇ ಹುಯ್ಯಲು ಹೋದೆ. ಅಜ್ಜಿ ಹುಯ್ಯುತ್ತಾ ಕತೆ ಹೇಳುತ್ತಿದ್ದಳು. ಬಿಂದಿಗೆ ಬರಿದಾಗುವಷ್ಟರಲ್ಲಿ ಕಾಡುಪಾಲಾದ ರಾಜಕುಮಾರಿ ಮನೆ ಸೇರಿರುತ್ತಿದ್ದಳು. ನನ್ನ ಬಾಯಿಂದ ಕತೆ ಹೊರಡಲಿಲ್ಲ, ಕೈ ನಿಂತುಹೋಯಿತು. ಅರ್ಧ ಬಿಂದಿಗೆ ನೀರು ಬಾವಿಕಟ್ಟೆಯ ಮೇಲಿದೆ. ಎದ್ದ ಕೂಡಲೇ ನೀನು ಹುಯ್ದುಬಿಡು.

ನಾಗಿ